ಮೂರನೆಯವನ ಪಾಲು

2024ರ ಸೆಪ್ಟೆಂಬರ್ 30, ಸೋಮವಾರ. ಫೀನಿಕ್ಸ್‌ನ ನಮ್ಮ ಆಫೀಸಿನಲ್ಲಿ ಅಂದು ಹೆಚ್ಚು ಕೆಲಸ ನಡೆಯಲಿಲ್ಲ. ನಮ್ಮೂರಿನ ಬೇಸ್‌ಬಾಲ್ ತಂಡ ಅರಿಜೋನಾ ಡೈಮಂಡ್‌ಬ್ಯಾಕ್ಸ್ ತನ್ನ 162 ಪಂದ್ಯಗಳನ್ನೂ ಹಿಂದಿನ ದಿನವೇ ಆಡಿ ಮುಗಿಸಿತ್ತು. 89 ಗೆಲುವು, 73 ಸೋಲು. ಇನ್ನು ಅವರು ಮಾಡಬಹುದಾದದ್ದು ಏನೂ ಇರಲಿಲ್ಲ. ಪ್ಲೇಆಫ್‌ಗೆ ಹೋಗುತ್ತಾರೋ ಇಲ್ಲವೋ ಎಂಬುದು ಸಾವಿರದೈನೂರು ಮೈಲಿಗೂ ದೂರದ ಅಟ್ಲಾಂಟಾದಲ್ಲಿ, ಬೇರೆ ಎರಡು ತಂಡಗಳ ನಡುವೆ ತೀರ್ಮಾನವಾಗಬೇಕಿತ್ತು.

ಊರಿನ ಓದುಗರಿಗೆ ಸ್ವಲ್ಪ ವಿವರಣೆ ಬೇಕಾದೀತು. ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ 30 ತಂಡಗಳು, ಎರಡು ಲೀಗ್‌ಗಳು. ಪ್ರತಿ ಲೀಗ್‌ನಿಂದ ಆರು ತಂಡಗಳು ಪ್ಲೇಆಫ್‌ಗೆ ಹೋಗುತ್ತವೆ: ಮೂರು ವಿಭಾಗಗಳ ವಿಜೇತರು ಮತ್ತು ಉಳಿದವರಲ್ಲಿ ಮೇಲಿನ ಮೂವರು. ಈ ಕೊನೆಯ ಮೂರು ಸ್ಥಾನಗಳನ್ನು ವೈಲ್ಡ್ ಕಾರ್ಡ್ ಎನ್ನುತ್ತಾರೆ. ಆ ವರ್ಷ ನ್ಯಾಷನಲ್ ಲೀಗ್‌ನಲ್ಲಿ ಮೊದಲ ವೈಲ್ಡ್ ಕಾರ್ಡ್ ಸ್ಯಾನ್ ಡಿಯಾಗೊ ಪಾಲಾಗಿತ್ತು. ಉಳಿದ ಎರಡಕ್ಕೆ ಮೂವರ ಪೈಪೋಟಿ: ನ್ಯೂಯಾರ್ಕ್ ಮೆಟ್ಸ್, ಅಟ್ಲಾಂಟಾ ಬ್ರೇವ್ಸ್ ಮತ್ತು ನಮ್ಮವರು. ಮೆಟ್ಸ್ ಮತ್ತು ಬ್ರೇವ್ಸ್ ಸೆಪ್ಟೆಂಬರ್ 24ರಿಂದ ಮೂರು ದಿನ ಅಟ್ಲಾಂಟಾದಲ್ಲಿ ಆಡಬೇಕಿತ್ತು. ಮೊದಲ ಪಂದ್ಯ ನಡೆಯಿತು. ಅಷ್ಟರಲ್ಲಿ ಹೆಲೀನ್ ಚಂಡಮಾರುತ ಬರುತ್ತಿತ್ತು. ಉಳಿದ ಎರಡನ್ನು ಮುಂದೂಡಿ, ಋತು ಮುಗಿದ ಮರುದಿನಕ್ಕೆ, ಒಂದೇ ದಿನ ಎರಡು ಪಂದ್ಯಗಳಾಗಿ ಇಟ್ಟರು.

ಆ ಸೋಮವಾರದ ಲೆಕ್ಕ ಸರಳವಾಗಿತ್ತು. ಇಬ್ಬರದೂ ತಲಾ 88 ಗೆಲುವು. ಒಬ್ಬರೇ ಎರಡೂ ಪಂದ್ಯ ಗೆದ್ದರೆ ಸೋತವರು 88ರಲ್ಲೇ ನಿಂತು ನಮ್ಮವರು ಒಳಗೆ. ಒಂದೊಂದು ಹಂಚಿಕೊಂಡರೆ ಮೂವರದೂ 89. ಆಗ ಪರಸ್ಪರ ಆಡಿದ ಪಂದ್ಯಗಳ ಲೆಕ್ಕದಲ್ಲಿ ಹಿಂದೆ ಬಿದ್ದ ನಮ್ಮವರು ಹೊರಗೆ. ಹಿಂದೆಲ್ಲ ಸಮಸಮವಾದರೆ ಇನ್ನೊಂದು ಪಂದ್ಯ ಆಡಿಸುತ್ತಿದ್ದರು. 2022ರಿಂದ ಅದೂ ಇಲ್ಲ.

ಮೊದಲ ಪಂದ್ಯದಲ್ಲಿ ಮೆಟ್ಸ್ ಒಂಬತ್ತನೇ ಇನಿಂಗ್ಸ್‌ನಲ್ಲಿ ಫ್ರಾನ್ಸಿಸ್ಕೊ ಲಿಂಡೋರ್ ಹೊಡೆದ ಹೋಮ್ ರನ್‌ನಿಂದ 8-7ರಲ್ಲಿ ಗೆದ್ದಿತು. ಅಷ್ಟು ರೋಚಕ ಆಟವನ್ನು ನಾನು ಕಂಡದ್ದು ಕಡಿಮೆ. ಆದರೆ ಆ ಗೆಲುವಿನೊಂದಿಗೆ ಮೆಟ್ಸ್‌ನ ಕೆಲಸ ಮುಗಿಯಿತು. ಎರಡನೇ ಪಂದ್ಯದಿಂದ ಅವರಿಗೆ ಆಗಬೇಕಾದ್ದು ಏನೂ ಉಳಿಯಲಿಲ್ಲ. ಮರುದಿನವೇ ಮಿಲ್ವಾಕಿಯಲ್ಲಿ ಪ್ಲೇಆಫ್ ಇದ್ದುದರಿಂದ ಮುಖ್ಯ ಪಿಚರ್‌ನನ್ನು ಅಲ್ಲಿಗೆ ಉಳಿಸಿಕೊಂಡರು. ಬ್ರೇವ್ಸ್ 3-0ರಲ್ಲಿ ಗೆದ್ದರು. ಇಬ್ಬರೂ ಒಳಗೆ ಹೋದರು. ನಮ್ಮವರು ಆಡದೆಯೇ ಹೊರಬಿದ್ದರು.

ಪಕ್ಕದ ಮೇಜಿನ ನನ್ನ ಸಹೋದ್ಯೋಗಿ ಹುಟ್ಟಿನಿಂದ ಅರಿಜೋನಾದವನು. ಅವನ ಸಿಟ್ಟು ಇಷ್ಟು: ಆ ವಾರದ ಸೋಮವಾರ, ಅಂದರೆ 23ರಂದು, ಎರಡೂ ತಂಡಗಳಿಗೆ ಬಿಡುವಿತ್ತು, ಮುನ್ಸೂಚನೆ ನೋಡಿ ಅಂದೇ ಒಂದು ಪಂದ್ಯ ಆಡಿಸಬಹುದಿತ್ತು, ಇಲ್ಲವೇ ಮಂಗಳವಾರ ಎರಡು ಆಡಿಸಬಹುದಿತ್ತು, ಎಲ್ಲರೂ ಒಂದೇ ಹೊತ್ತಿಗೆ ಮುಗಿಸಬೇಕಾದ ಓಟದಲ್ಲಿ ಇಬ್ಬರಿಗೆ ಮಾತ್ರ ಒಂದು ದಿನ ಹೆಚ್ಚು, ಅದೂ ಮೂರನೆಯವನ ಅಂಕ ಗೊತ್ತಾದ ಮೇಲೆ. ನ್ಯೂಜೆರ್ಸಿಯಲ್ಲಿರುವ ಮಂಡ್ಯದ ಗೆಳೆಯ ಮೆಟ್ಸ್ ಅಭಿಮಾನಿ. ಸಂಜೆ ಫೋನಿನಲ್ಲಿ ಅವನ ಉತ್ತರವೂ ಗಟ್ಟಿಯಾಗಿತ್ತು: ಚಂಡಮಾರುತಕ್ಕೆ ಯಾರು ಹೊಣೆ? ಒಂದೇ ದಿನ ಎರಡು ಪಂದ್ಯ ಆಡಿ, ರಾತ್ರಿ ವಿಮಾನ ಹತ್ತಿ, ಮರುದಿನ ಪ್ಲೇಆಫ್ ಆಡುವುದು ಲಾಭವೇ? ನಿಮ್ಮವರು ಭಾನುವಾರ 11-2ರಲ್ಲಿ ಸೋಲಿಸಿದ ಸ್ಯಾನ್ ಡಿಯಾಗೊಗೂ ಅಂದು ಕಳೆದುಕೊಳ್ಳುವುದು ಏನೂ ಇರಲಿಲ್ಲವಲ್ಲ, ಆ ಗೆಲುವನ್ನು ವಾಪಸ್ ಕೊಡುತ್ತೀರಾ? ಕೊನೆಯ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಸ್ಯಾನ್ ಡಿಯಾಗೊದ ಸ್ಥಾನ ಅಷ್ಟರಲ್ಲಿ ಮೇಲಕ್ಕೂ ಕೆಳಕ್ಕೂ ಹೋಗದಂತೆ ಗಟ್ಟಿಯಾಗಿತ್ತು.

ಬೇಸ್‌ಬಾಲ್‌ನಲ್ಲಿ ಈ ಜಗಳ ಹಳೆಯದು. 1908ರಲ್ಲಿ ಅಮೆರಿಕನ್ ಲೀಗ್‌ನ ಪಟ್ಟವನ್ನು ಡೆಟ್ರಾಯಿಟ್ ಅರ್ಧ ಪಂದ್ಯದ ಅಂತರದಲ್ಲಿ ಗೆದ್ದಿತು. ಅವರದು 90 ಗೆಲುವು, 63 ಸೋಲು. ಕ್ಲೀವ್‌ಲ್ಯಾಂಡ್‌ನದು 90 ಗೆಲುವು, 64 ಸೋಲು. ಮಳೆಯಿಂದ ನಿಂತ ಒಂದು ಪಂದ್ಯವನ್ನು ಡೆಟ್ರಾಯಿಟ್ ಮತ್ತೆ ಆಡಬೇಕಾಗಿರಲಿಲ್ಲ, ಅಷ್ಟೇ. ಆ ಬಳಿಕ ನಿಯಮ ಬದಲಾಯಿತು: ಪಟ್ಟವನ್ನು ನಿರ್ಧರಿಸಬಲ್ಲ ಪಂದ್ಯ ಉಳಿದಿದ್ದರೆ ಅದನ್ನು ಆಡಲೇಬೇಕು. 1972ರಲ್ಲಿ ಆಟಗಾರರ ಮುಷ್ಕರದಿಂದ ಋತುವಿನ ಮೊದಲ ದಿನಗಳ ಪಂದ್ಯಗಳು ರದ್ದಾದವು. ಎಲ್ಲರಿಗೂ ಒಂದೇ ಸಂಖ್ಯೆಯ ಪಂದ್ಯಗಳು ತಪ್ಪಲಿಲ್ಲ. ಮತ್ತೆ ಡೆಟ್ರಾಯಿಟ್ 86-70, ಬಾಸ್ಟನ್ 85-70. ಮತ್ತೆ ಅರ್ಧ ಪಂದ್ಯದ ಅಂತರ. ಅಟ್ಲಾಂಟಾದ ಆ ಎರಡು ಪಂದ್ಯಗಳನ್ನು ಬಿಟ್ಟುಬಿಡದೆ ಸೋಮವಾರ ಆಡಿಸಿದ್ದು 1908ರ ಅನ್ಯಾಯಕ್ಕೆ ಕಂಡುಕೊಂಡ ಪರಿಹಾರದ ಫಲವೇ. ಒಂದು ಕಾಲದ ಪರಿಹಾರ ಇನ್ನೊಂದು ಕಾಲದಲ್ಲಿ ಬೇರೆಯವರಿಗೆ ಅನ್ಯಾಯವಾಗಿ ಕಂಡಿತು.

ಹಾಗಾದರೆ ನ್ಯಾಯವಾದ ವೇಳಾಪಟ್ಟಿ ಎಂದರೆ ಏನು? ಎಲ್ಲರಿಗೂ ಸಮಾನವಾದದ್ದು ಎಂದರೆ ಅಂಥದ್ದು ಇಲ್ಲವೇ ಇಲ್ಲ. ಆ ವರ್ಷ ಪ್ರತಿ ತಂಡವೂ ತನ್ನ ವಿಭಾಗದ ನಾಲ್ವರೊಂದಿಗೆ ತಲಾ 13 ಪಂದ್ಯ ಆಡಿತು. ನಮ್ಮವರ ಪಾಲಿಗೆ ಬಲಾಢ್ಯ ಡಾಡ್ಜರ್ಸ್ 13 ಸಲ ಬಂದರೆ ಮೆಟ್ಸ್‌ಗೆ ಆರೇ ಸಲ. ಅವರಿಗೆ 13 ಸಲ ಫಿಲಡೆಲ್ಫಿಯಾ. ಪ್ರಯಾಣ, ಬಿಸಿಲು, ಬಿಡುವಿನ ದಿನ ಯಾವುದೂ ಸಮವಲ್ಲ. ಆದರೂ ಇದರ ಬಗ್ಗೆ ನಾವು ಗೊಣಗುತ್ತೇವೆಯೇ ಹೊರತು ಮೋಸ ಎನ್ನುವುದಿಲ್ಲ. ಕಾರಣ ಏನೆಂದು ಯೋಚಿಸಿದೆ. ವೇಳಾಪಟ್ಟಿ ಸಿದ್ಧವಾಗುವಾಗ ಮುಂದಿನ ಸೆಪ್ಟೆಂಬರ್‌ನಲ್ಲಿ ಯಾರಿಗೆ ಯಾವ ಗೆಲುವು ಬೇಕಾಗುತ್ತದೆ ಎಂಬುದು ಅದನ್ನು ಬರೆದವನಿಗೂ ಗೊತ್ತಿರುವುದಿಲ್ಲ.

ನಮ್ಮ ಮನೆಯಲ್ಲಿ ಕೊಬ್ಬರಿ ಮಿಠಾಯಿ ಹಂಚುವಾಗ ಅಜ್ಜಿಯ ಕಾನೂನು ಒಂದೇ: ಭಾಗ ಮಾಡಿದವನು ಕೊನೆಗೆ ತೆಗೆದುಕೊಳ್ಳಬೇಕು. ತನಗೆ ಯಾವ ತುಂಡು ಉಳಿಯುತ್ತದೋ ತಿಳಿಯದ ಕೈ ಸಮವಾಗಿ ಕತ್ತರಿಸುತ್ತದೆ. ಹಾರ್ವರ್ಡ್‌ನ ಜಾನ್ ರಾಲ್ಸ್ 1971ರಲ್ಲಿ ಪ್ರಕಟಿಸಿದ ನ್ಯಾಯಸಿದ್ಧಾಂತದ ಗ್ರಂಥದಲ್ಲಿ ಇದನ್ನೇ ಸಮಾಜದ ಮಟ್ಟಕ್ಕೆ ಬೆಳೆಸಿದ. ತನ್ನ ಸ್ಥಾನ ಯಾವುದೆಂದು ತಿಳಿಯದ ಪರದೆಯ ಹಿಂದೆ ಕುಳಿತವರು ಒಪ್ಪುವ ನಿಯಮಗಳೇ ನ್ಯಾಯದ ನಿಯಮಗಳು ಎಂಬುದು ಅವನ ವಾದದ ಸಾರ. ರಾಲ್ಸ್ ಬೇಸ್‌ಬಾಲ್ ಪ್ರಿಯ ಕೂಡ. ಅದು ಎಲ್ಲ ಆಟಗಳಿಗಿಂತ ಏಕೆ ಮೇಲು ಎಂದು ಗೆಳೆಯನೊಬ್ಬನಿಗೆ ಪತ್ರ ಬರೆದಿದ್ದ. ಸೆಪ್ಟೆಂಬರ್ ಕೊನೆಯಲ್ಲಿ ವೇಳಾಪಟ್ಟಿ ಬದಲಿಸಿದಾಗ ಈ ಪರದೆಯೇ ಸರಿದುಹೋಗುತ್ತದೆ. ಯಾರಿಗೆ ಏನು ಬೇಕು, ಯಾರು ಏನು ಕಳೆದುಕೊಳ್ಳುತ್ತಾರೆ ಎಂಬುದು ಈಗ ಎಲ್ಲರಿಗೂ ಗೊತ್ತು.

ಗೊತ್ತಿರುವುದರ ಅಪಾಯಕ್ಕೆ ಫುಟ್‌ಬಾಲ್‌ನಲ್ಲಿ ಒಂದು ಕುಖ್ಯಾತ ಉದಾಹರಣೆ ಇದೆ. 1982ರ ವಿಶ್ವಕಪ್, ಸ್ಪೇನ್‌ನ ಹಿಹೋನ್ ನಗರ. ಅಲ್ಜೀರಿಯಾ ತನ್ನ ಗುಂಪಿನ ಪಂದ್ಯಗಳನ್ನು ಹಿಂದಿನ ದಿನವೇ ಮುಗಿಸಿತ್ತು. ಪಶ್ಚಿಮ ಜರ್ಮನಿ ಆಸ್ಟ್ರಿಯಾವನ್ನು ಒಂದೋ ಎರಡೋ ಗೋಲಿನಿಂದ ಸೋಲಿಸಿದರೆ ಇಬ್ಬರೂ ಮುಂದಕ್ಕೆ, ಅಲ್ಜೀರಿಯಾ ಹೊರಗೆ. ಹತ್ತನೇ ನಿಮಿಷದಲ್ಲಿ ಜರ್ಮನಿ ಗೋಲು ಹೊಡೆಯಿತು. ಆಮೇಲೆ ಇಬ್ಬರೂ ಹೆಚ್ಚುಕಡಿಮೆ ಆಡುವುದನ್ನೇ ಬಿಟ್ಟರು. ಅಂದಿನಿಂದ ಗುಂಪಿನ ಕೊನೆಯ ಪಂದ್ಯಗಳನ್ನು ಒಂದೇ ಹೊತ್ತಿಗೆ ಆಡಿಸುತ್ತಾರೆ. ಬೇಸ್‌ಬಾಲ್‌ನಲ್ಲೂ 2015ರಿಂದ ಕೊನೆಯ ದಿನದ ಆಟಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೆ ಶುರುವಾಗುತ್ತವೆ. ಅಟ್ಲಾಂಟಾದಲ್ಲಿ ಹಿಹೋನ್ ನಡೆಯಿತು ಎಂದು ನಾನು ಹೇಳುತ್ತಿಲ್ಲ. ಮೊದಲ ಪಂದ್ಯ ನೋಡಿದ ಯಾರೂ ಹಾಗೆ ಹೇಳಲಾರರು. ಅಷ್ಟಲ್ಲದೆ ಆ ಚಂಡಮಾರುತ 200ಕ್ಕೂ ಹೆಚ್ಚು ಜನರ ಜೀವ ತೆಗೆದಿತ್ತು. ಅದರ ಮುಂದೆ ನಮ್ಮ ತಕರಾರು ಎಷ್ಟರದು. ಆದರೆ ಯಾರೂ ಮೋಸ ಮಾಡದೆಯೂ, ಇಬ್ಬರಿಗೆ ಒಪ್ಪಿಗೆಯಾದ ವ್ಯವಸ್ಥೆಯ ಬೆಲೆಯನ್ನು ಅಲ್ಲಿಲ್ಲದ ಮೂರನೆಯವನು ತೆರುವಂತಾಗಬಹುದು.

ನಾನೂ ಪಕ್ಷಪಾತಿಯೇ ಎಂದು ಇಲ್ಲಿ ಒಪ್ಪಿಕೊಳ್ಳಬೇಕು. ಅದೇ ವರ್ಷದ ಮೇ 18ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆರ್‌ಸಿಬಿ ಚೆನ್ನೈಯನ್ನು 27 ರನ್‌ಗಳಿಂದ ಸೋಲಿಸಿ, 14 ಅಂಕಗಳ ಸಮಬಲದಲ್ಲಿ ಬರೀ ನೆಟ್ ರನ್‌ರೇಟ್ ಮೇಲೆ ಪ್ಲೇಆಫ್ ಸೇರಿದಾಗ ಫೀನಿಕ್ಸ್‌ನ ಮನೆಯಲ್ಲಿ ಕುಣಿದಿದ್ದೆ. ಐಪಿಎಲ್‌ನಲ್ಲೂ ಪ್ರತಿ ತಂಡ ಐವರೊಂದಿಗೆ ಎರಡೆರಡು ಸಲ, ನಾಲ್ವರೊಂದಿಗೆ ಒಂದೊಂದೇ ಸಲ ಆಡುತ್ತದೆ. ಅದು ಸಮವೇ ಎಂದು ಅಂದು ನನಗೆ ಒಮ್ಮೆಯೂ ಅನ್ನಿಸಲಿಲ್ಲ. ಗೆದ್ದ ದಿನ ವೇಳಾಪಟ್ಟಿಯ ಮೇಲೆ ಯಾರ ಕಣ್ಣೂ ಹೋಗುವುದಿಲ್ಲ.

ಆ ಸೋಮವಾರ ನನಗೆ ಮತ್ತೊಂದು ವೇಳಾಪಟ್ಟಿಯೂ ನೆನಪಾಗುತ್ತಿತ್ತು. ನಮ್ಮ ತಂಡದಲ್ಲಿ ರಾತ್ರಿ ಕಂಪ್ಯೂಟರ್ ವ್ಯವಸ್ಥೆ ಕೆಟ್ಟರೆ ಎದ್ದು ನೋಡುವ ಪಾಳಿಯ ಪಟ್ಟಿ ಮಾಡುವವನು ನಾನೇ. ಜನವರಿಯಲ್ಲಿ ಚೀಟಿ ಎತ್ತಿ ಇಡೀ ವರ್ಷದ್ದನ್ನು ಬರೆದುಬಿಡುತ್ತೇವೆ. ಯಾರಿಗೆ ಯಾವ ವಾರ ಬಂದರೂ ತಕರಾರಿಲ್ಲ. ಕೆಲವು ವರ್ಷದ ಹಿಂದೆ ಡಿಸೆಂಬರ್‌ನಲ್ಲಿ ಮುಖ್ಯವಾದ ಒಂದು ಬದಲಾವಣೆಯ ಕೆಲಸ ಒಂದು ವಾರ ಮುಂದಕ್ಕೆ ಹೋಯಿತು. ಪಟ್ಟಿಯನ್ನು ಮತ್ತೆ ಹೊಂದಿಸಬೇಕಾಯಿತು. ನಾನು ಮತ್ತು ಇನ್ನೊಬ್ಬ ಸಹೋದ್ಯೋಗಿ ಹತ್ತು ನಿಮಿಷ ಫೋನಿನಲ್ಲಿ ಮಾತಾಡಿ ಮುಗಿಸಿದೆವು. ನನಗೆ ಮಕ್ಕಳ ರಜೆ, ಅವನಿಗೆ ಅತ್ತೆಮನೆಯ ಪ್ರಯಾಣ, ಇಬ್ಬರಿಗೂ ಅನುಕೂಲವಾಯಿತು. ಕಷ್ಟದ ವಾರ ಮೂರನೆಯವಳಿಗೆ ಹೋಯಿತು. ಅವಳು ಆಗ ಊರಿನ ವಿಮಾನದಲ್ಲಿದ್ದಳು. ತಾಯಿಗೆ ಆಪರೇಷನ್ ಇತ್ತು. ನಮ್ಮ ಹಗಲು ಅವಳ ರಾತ್ರಿ. ಆ ವಾರ ಅವಳು ಆಸ್ಪತ್ರೆಯ ಓಣಿಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದಳಂತೆ. ಹಿಂದಿರುಗಿದ ಮೇಲೆ ಒಂದು ಮಾತೂ ಆಡಲಿಲ್ಲ. ನಾನೇ ಅಳುಕಿನಿಂದ, "ನಿಯಮದ ಪ್ರಕಾರ ಮುಂದಿನ ಸರದಿ ನಿನ್ನದೇ ಇತ್ತು" ಎಂದೆ. "ಹೌದು, ನಿಯಮ ಸರಿಯಾಗೇ ಇತ್ತು" ಎಂದಳು.

ನಿಯಮ ಸರಿಯಾಗಿತ್ತು. ಜನವರಿಯ ಚೀಟಿಯಲ್ಲಿ ಅದೇ ವಾರ ಅವಳಿಗೆ ಬಂದಿದ್ದರೆ ಅದು ದುರದೃಷ್ಟವಾಗುತ್ತಿತ್ತು, ನಾನು ಸಮಾಧಾನ ಹೇಳಿ ಸುಮ್ಮನಾಗುತ್ತಿದ್ದೆ. ಡಿಸೆಂಬರ್‌ನಲ್ಲಿ ನಾನು ಎಲ್ಲವನ್ನೂ ಬಲ್ಲವನಾಗಿ ಬದಲಿಸಿದೆ. ತಾಯಿಯ ಆಪರೇಷನ್ ವಿಷಯ ನನಗೆ ಗೊತ್ತಿತ್ತು. ಆ ಕ್ಷಣದಿಂದ ಅವಳ ದುರದೃಷ್ಟದಲ್ಲಿ ನನ್ನ ಪಾಲೂ ಸೇರಿತು. ಅವಳು ವಿಮಾನ ಇಳಿಯುವವರೆಗೆ ಕಾದು ಒಂದು ಫೋನ್ ಮಾಡಿದ್ದರೆ ಬಹುಶಃ ಅದೇ ಪಟ್ಟಿಯೇ ಉಳಿಯುತ್ತಿತ್ತು. ಆದರೂ ಆ ಫೋನ್ ಅವಳಿಗೆ ಸಲ್ಲಬೇಕಾಗಿತ್ತು.

ನಮ್ಮವರು 27 ಮತ್ತು 28ರಂದು ತಮ್ಮದೇ ಅಂಗಳದಲ್ಲಿ ಸ್ಯಾನ್ ಡಿಯಾಗೊಗೆ ಸೋತಿದ್ದರು. ಅದರಲ್ಲಿ ಒಂದನ್ನು ಗೆದ್ದಿದ್ದರೆ 90 ಆಗಿ ಅಟ್ಲಾಂಟಾದ ಗೊಡವೆಯೇ ಇರುತ್ತಿರಲಿಲ್ಲ. ಎರಡನೇ ಪಂದ್ಯ ಮುಗಿದು ಫೋನಿನ ಪರದೆ ಆರಿಸಿದ ಮೇಲೆ ನನ್ನ ಸಹೋದ್ಯೋಗಿಯೇ ಇದನ್ನು ಹೇಳಿದ. ಬೆಳಗಿನ ಸಿಟ್ಟು ಇಳಿದಿತ್ತು. ಸೋತವನು ಹೀಗೆ ಹೇಳಿದರೆ ಅದು ಅವನ ಘನತೆ. ಅದೇ ಮಾತನ್ನು ವೇಳಾಪಟ್ಟಿ ಬದಲಿಸುವ ಅಧಿಕಾರ ಇದ್ದವನು, "ನೀವು ಮೊದಲೇ ಗೆಲ್ಲಬೇಕಿತ್ತು" ಎಂದು ಹೇಳಿದರೆ ಅದು ನುಣುಚಿಕೊಳ್ಳುವಿಕೆ. ನಾನು ಅವಳಿಗೆ ಹೇಳಿದ "ನಿಯಮದ ಪ್ರಕಾರ" ಎಂಬುದೂ ಅಂಥದ್ದೇ ಆಗಿತ್ತು.

ಈಗಲೂ ಪಾಳಿಯ ಪಟ್ಟಿ ಮಾಡುವವನು ನಾನೇ. ವರ್ಷದ ನಡುವೆ ಬದಲಿಸಬೇಕಾದರೆ, ಒಪ್ಪಿದ ಇಬ್ಬರ ಹೆಸರು ಬರೆಯುವ ಮೊದಲು ಆ ಮಾತುಕತೆಯಲ್ಲಿ ಇಲ್ಲದವರ ಹೆಸರು ಬರೆದುಕೊಂಡು ಅವರಿಗೆ ಫೋನ್ ಮಾಡುತ್ತೇನೆ. ಕೆಲವೊಮ್ಮೆ ಅವರು ಬೇಡ ಎನ್ನುತ್ತಾರೆ, ನಾನು ಮತ್ತೆ ಮೊದಲಿನಿಂದ ಹೊಂದಿಸಬೇಕಾಗುತ್ತದೆ. ಕಳೆದ ಡಿಸೆಂಬರ್‌ನ ಕೊನೆಯ ವಾರ ಹಾಗೆ ನನ್ನ ಪಾಲಿಗೇ ಬಂತು. ಮಕ್ಕಳು ಗೊಣಗಿದರು. ನಾನು ಗೊಣಗಲಿಲ್ಲ ಎಂದರೆ ಸುಳ್ಳಾದೀತು.