ಊರಿನ ಪತ್ರಿಕೆಯೂ ಕೌಶಿಕನ ಸತ್ಯವೂ

ಮಹಾಭಾರತದ ಕರ್ಣಪರ್ವದಲ್ಲಿ ಕೌಶಿಕನೆಂಬ ತಪಸ್ವಿಯ ಕಥೆಯೊಂದುಂಟು. ಸತ್ಯವನ್ನಲ್ಲದೆ ಬೇರೊಂದನ್ನು ನುಡಿಯೆನೆಂಬುದು ಅವನ ವ್ರತ. ಕಳ್ಳರಿಗಂಜಿ ಕೆಲವರು ಅವನ ಎದುರಿನಲ್ಲಿಯೇ ಓಡಿ ಕಾಡನ್ನು ಹೊಕ್ಕರು. ಬೆನ್ನಟ್ಟಿ ಬಂದ ಕಳ್ಳರು, ಅವರು ಹೋದ ದಾರಿ ಯಾವುದೆಂದು ಕೇಳಲು, ಕೌಶಿಕನು ಕಂಡುದನ್ನು ಕಂಡಂತೆಯೇ ಹೇಳಿದನು. ಓಡಿದವರು ಹತರಾದರು, ಸತ್ಯವಾದಿಯಾದ ಕೌಶಿಕನಿಗೆ ನರಕವು ಪ್ರಾಪ್ತವಾಯಿತೆಂದು ಶ್ರೀಕೃಷ್ಣನು ಅರ್ಜುನನಿಗೆ ತಿಳಿಸುತ್ತಾನೆ. ಮೇಲುಕೋಟೆಯ ಪಾಠಶಾಲೆಯಲ್ಲಿ ಈ ಭಾಗವನ್ನು ಓದುವಾಗ, ಇದು ಕೌಶಿಕನಿಗೆ ಆದ ಅನ್ಯಾಯವೆಂದು ನಾನು ಗುರುಗಳೊಡನೆ ವಾದಿಸಿದ್ದೆನು. ಅವರು ನಕ್ಕು, "ನಿನಗಿನ್ನೂ ಮೀಸೆ ಬಂದಿಲ್ಲ, ಮುಂದಕ್ಕೆ ಓದು" ಎಂದರು. ಮೀಸೆ ಬಂದು ನರೆತ ಮೇಲೆ ಆ ಕಥೆಯು ಮತ್ತೊಮ್ಮೆ ನನ್ನೆದುರಿಗೆ ನಿಂತದ್ದು ಒಂದು ದಿನಪತ್ರಿಕೆಯ ನಿಮಿತ್ತದಿಂದ.

ನಮ್ಮ ಸೀಮೆಯ ವಾಚಕರಿಗೆ ಎರಡು ಬಗೆಯ ಪತ್ರಿಕೆಗಳು ಪರಿಚಿತ. ಬೆಂಗಳೂರಿನ ದೊಡ್ಡ ಪತ್ರಿಕೆಗಳು ಒಂದು ಬಗೆ. 1948ರಲ್ಲಿ ಹುಟ್ಟಿದ 'ಪ್ರಜಾವಾಣಿ'ಯಂತಹವು. ಮೈಸೂರಿನಲ್ಲಿ ಅಚ್ಚಾಗಿ ಸುತ್ತಣ ಜಿಲ್ಲೆಗಳನ್ನೇ ತಮ್ಮ ಪ್ರಪಂಚವೆಂದು ತಿಳಿದವು ಇನ್ನೊಂದು ಬಗೆ. ಶ್ರೀ ರಾಜಶೇಖರ ಕೋಟಿಯವರು 1972ರಲ್ಲಿ ಧಾರವಾಡದಲ್ಲಿ ಆರಂಭಿಸಿ ಅನಂತರ ಮೈಸೂರಿಗೆ ತಂದ 'ಆಂದೋಲನ', ಶ್ರೀ ಕೆ. ಬಿ. ಗಣಪತಿಯವರು 1978ರಲ್ಲಿ ಹೊರಡಿಸಿದ 'ಮೈಸೂರು ಮಿತ್ರ' ಈ ಎರಡನೆಯ ವರ್ಗಕ್ಕೆ ಸೇರಿದವು. ಕೋಟಿಯವರು 2017ರಲ್ಲಿ ತೀರಿಕೊಂಡರು; ಪತ್ರಿಕೆಯು ನಿಲ್ಲಲಿಲ್ಲ. ಮೊದಲನೆಯದು ದೂರದ ಬಂಧುವಿನಂತೆ, ಎರಡನೆಯದು ನೆರೆಮನೆಯವನಂತೆ. ಬಂಧುವು ಹೇಳಿದ್ದನ್ನು ಕೇಳಿ ಮರೆಯಬಹುದು. ನೆರೆಯವನು ಹೇಳಿದ್ದು ಬೆಳಗಾದರೆ ಬಾವಿಕಟ್ಟೆಗೆ ಬರುತ್ತದೆ.

ಶ್ರೀರಂಗಪಟ್ಟಣದ ಬಸ್ಸು ನಿಲ್ದಾಣದಲ್ಲಿಯಾಗಲಿ ಪಾಂಡವಪುರದ ಹೋಟಲಿನಲ್ಲಿಯಾಗಲಿ ಊರಿನ ಪತ್ರಿಕೆಯನ್ನು ಕೈಗೆತ್ತಿಕೊಂಡ ರೈತನು ಮಳೆಗಾಲದಲ್ಲಿ ಮೊದಲು ನೋಡುವುದು ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟವನ್ನು. ಕಟ್ಟೆ ತುಂಬಿದರೆ 124.80 ಅಡಿ. ಇಂದು ಎಷ್ಟು, ಒಳಹರಿವು ಎಷ್ಟು, ಹೊರಹರಿವು ಎಷ್ಟು, ಇಷ್ಟೇ ನಾಲ್ಕು ಸಾಲು. ನಾಲೆಯ ಕೆಳಗಿನ ಗದ್ದೆಯವನಿಗೆ ಈ ಅಂಕಿಯೇ ಪಂಚಾಂಗ. ನಾಗಮಂಗಲದ ಬೆದ್ದಲು ಭೂಮಿಯವನಿಗೆ ಮಾತ್ರ ಅದು ಪರರ ಮನೆಯ ಹಬ್ಬದ ಸುದ್ದಿ. ಆದರೂ ಓದುತ್ತಾನೆ, ಅದೊಂದು ವಿನೋದ. ಈ ಅಂಕಿಗೆ ದಾಕ್ಷಿಣ್ಯವಿಲ್ಲ, ಪ್ರಿಯಾಪ್ರಿಯಗಳಿಲ್ಲ. ಪತ್ರಿಕೆಯ ಸತ್ಯವೆಲ್ಲ ಇಂತಹುದೇ ಆಗಿದ್ದಲ್ಲಿ ಸಂಪಾದಕನ ಧರ್ಮವು ಎಷ್ಟು ಸುಲಭವಾಗಿರುತ್ತಿತ್ತು! ಆದರೆ ನೀರಿನ ಮಟ್ಟಕ್ಕೆ ಮಾನವಿಲ್ಲ, ಮನುಷ್ಯನಿಗೆ ಉಂಟು.

2015ರ ಬೇಸಗೆ ಕಳೆದು ಮಳೆಗಾಲವು ತೊಡಗಿದ ದಿನಗಳನ್ನು ಮಂಡ್ಯ ಜಿಲ್ಲೆಯವರು ಮರೆಯಲಾರರು. ಕಬ್ಬಿಗೆ ಬೆಲೆಯಿಲ್ಲ, ಕಾರ್ಖಾನೆಗಳಿಂದ ಬರಬೇಕಾದ ಬಾಕಿ ಬಂದಿಲ್ಲ. ಒಬ್ಬರಾದ ಮೇಲೊಬ್ಬರು ರೈತರು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಹಾಗೆ ಹೋದವರಲ್ಲಿ ನನ್ನ ತರಗತಿಯ ಹುಡುಗನೊಬ್ಬನ ತಂದೆಯೂ ಒಬ್ಬ. ಮಾರನೆಯ ದಿನ ಒಂದು ಪತ್ರಿಕೆಯಲ್ಲಿ, ಯಾವುದೆಂಬುದು ಇಲ್ಲಿ ಅಪ್ರಕೃತ, ಹೆಸರು, ಊರು, ಸಾಲದ ಮೊತ್ತ, ಜೊತೆಗೆ ಶವದ ಚಿತ್ರ ಎಲ್ಲವೂ ಬಂದುವು. ಬರೆದುದರಲ್ಲಿ ಒಂದಕ್ಷರವೂ ಸುಳ್ಳಾಗಿರಲಿಲ್ಲ. ಹದಿನೈದು ದಿನಗಳ ಬಳಿಕ ಶಾಲೆಗೆ ಬಂದ ಹುಡುಗನು ಕೊನೆಯ ಬೆಂಚಿಗೆ ಹೋಗಿ ಕುಳಿತನು. ಸಂತೆಯ ದಿನ ಬೋಂಡ ಕಟ್ಟಿಕೊಟ್ಟ ಕಾಗದವನ್ನು ಬಿಡಿಸಿದಾಗ ಅವನಿಗೆ ಕಂಡದ್ದು ತಂದೆಯ ಆ ಚಿತ್ರವೇ ಎಂದು ಅವನ ಗೆಳೆಯನು ನನಗೆ ಹೇಳಿದನು. ಅವನನ್ನು ಸಂತೈಸಲು ಮನೆಗೆ ಹೋದೆನಷ್ಟೆ. ಅಲ್ಲಿ ಅವನ ತಾಯಿಯು ಟ್ರಂಕಿನಿಂದ ತೆಗೆದು ತೋರಿಸಿದ್ದು ಅದೇ ಪತ್ರಿಕೆಯ ಅದೇ ತುಂಡನ್ನು, ನಾಲ್ಕಾಗಿ ಮಡಿಸಿ ಪಹಣಿಯೊಡನೆ ಇಟ್ಟಿದ್ದುದನ್ನು. ತಾಲ್ಲೂಕು ಕಚೇರಿಯಲ್ಲಿ ಪರಿಹಾರಕ್ಕೆ ಅಲೆಯುವಾಗ ಅದನ್ನು ತೋರಿಸುತ್ತಿದ್ದಳಂತೆ. ತೋರಿಸಿದ ಮೇಲೆ ಗುಮಾಸ್ತರು ಕುಳಿತುಕೊಳ್ಳಲು ಹೇಳುತ್ತಿದ್ದರಂತೆ. ಆ ವರ್ಷವೇ ಸರ್ಕಾರವು ಪರಿಹಾರದ ಹಣವನ್ನು 5 ಲಕ್ಷ ರೂಪಾಯಿಗೆ ಏರಿಸಿತು. ಪತ್ರಿಕೆಗಳು ದಿನಂಪ್ರತಿ ಹೆಸರು ಹಾಕದಿದ್ದರೆ ಏರಿಸುತ್ತಿತ್ತೇ? ಏರಿಸುತ್ತಿತ್ತೆಂದು ನನಗೆ ತೋರುವುದಿಲ್ಲ.

ಒಂದೇ ಕಾಗದದ ತುಂಡು ಮಗನಿಗೆ ವಿಷ, ತಾಯಿಗೆ ದಾಖಲೆ. ಇಲ್ಲಿ ಪತ್ರಿಕೆಯು ಕೌಶಿಕನೋ ಅಲ್ಲವೋ?

ಕೌಶಿಕನೆಂದುಬಿಡುವುದು ಸುಲಭ. ಆದರೆ ಹಾಗೆನ್ನುವವರ ಸಾಲಿನಲ್ಲಿ ಎಂತಹವರು ನಿಂತಿರುತ್ತಾರೆಂಬುದನ್ನೂ ನೋಡಬೇಕಷ್ಟೆ. ದಿವಾನ್ ವಿ. ಪಿ. ಮಾಧವರಾಯರ ಕಾಲದಲ್ಲಿ, 1908ರಲ್ಲಿ, ಮೈಸೂರು ಸರ್ಕಾರವು ಪತ್ರಿಕೆಗಳ ಬಾಯಿಗೆ ಬೀಗ ಹಾಕುವ ಕಾನೂನನ್ನು ತಂದಿತು. ಅದಕ್ಕೂ ಲೋಕಹಿತದ ಹೆಸರೇ ಇದ್ದಿತು. ತಾತಯ್ಯನವರೆಂದು ನಾಡು ಕರೆದ ಎಂ. ವೆಂಕಟಕೃಷ್ಣಯ್ಯನವರು ಅದಕ್ಕೆ ತಲೆಬಾಗುವ ಬದಲು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಬಾಕಿ ಉಳಿಸಿಕೊಂಡವನೂ, ಬಡ್ಡಿಯ ಲೆಕ್ಕದಲ್ಲಿ ಮನೆ ಮುರಿದವನೂ "ಸತ್ತವರ ಮಾನ ತೆಗೆಯಬೇಡಿರಿ" ಎಂದು ಬಲು ಕರುಣೆಯಿಂದ ಹೇಳಬಲ್ಲರು. ಅಪ್ರಿಯವಾದ ಸತ್ಯವನ್ನು ನುಡಿಯಬಾರದೆಂಬ ಹಿರಿಯರ ಮಾತು ಯಾರಿಗೆ ಅಪ್ರಿಯವಾದುದೆಂಬುದನ್ನು ಹೇಳದೆ ಬಿಟ್ಟಿದೆ. ಅದನ್ನು ತುಂಬಿಕೊಳ್ಳುವ ಹೊಣೆ ನಮ್ಮದು.

2019ರ ಸೆಪ್ಟೆಂಬರಿನಲ್ಲಿ ಭಾರತೀಯ ಪತ್ರಿಕಾ ಮಂಡಳಿಯು ಈ ವಿಷಯದಲ್ಲಿ ಕೆಲವು ನಿಯಮಗಳನ್ನು ಮಾಡಿತು: ಇಂತಹ ಮರಣದ ವಾರ್ತೆಯನ್ನು ಎದ್ದು ಕಾಣುವಂತೆ ಹಾಕಬಾರದು, ಅನುಸರಿಸಿದ ಕ್ರಮವನ್ನು ವರ್ಣಿಸಬಾರದು, ಚಿತ್ರವನ್ನು ಬಳಸಬಾರದು. ಒಂದನ್ನು ಓದಿ ಮನಸ್ಸು ಕುಸಿದ ಮತ್ತೊಬ್ಬನು ಅದೇ ದಾರಿಯನ್ನು ಹಿಡಿದಾನೆಂಬುದು ಕಾರಣ. ಕಳ್ಳರು ಬಂದಾಗ ಕೌಶಿಕನಿಗೆ ಕೇಳುವವರ ಮುಖವಾದರೂ ಕಾಣುತ್ತಿತ್ತು. ಸಂಪಾದಕನಿಗೆ ತನ್ನ ಮಾತನ್ನು ಯಾವ ಕತ್ತಲೆಯ ಕೋಣೆಯಲ್ಲಿ ಯಾರು ಓದುವರೋ ಕಾಣದು. ಈ ನಿಯಮಗಳನ್ನು ನಾನು ಒಪ್ಪುತ್ತೇನೆ. ಆದರೂ ನಿಯಮವು ಚಿತ್ರವನ್ನು ತಡೆಯಿತೇ ಹೊರತು ತಾಯಿಯ ಟ್ರಂಕಿನ ಪ್ರಶ್ನೆಗೆ ಉತ್ತರ ಹೇಳಲಿಲ್ಲ.

ಬಹಳ ಕಾಲ ಯೋಚಿಸಿದ ಮೇಲೆ ನನಗೆ ಹೀಗೆ ತೋರಿದೆ. ಕೌಶಿಕನ ಎದುರಿಗೆ ಎರಡು ಮುಖಗಳು ಹಾದುಹೋಗಿದ್ದುವು: ಓಡುವವರದು, ಬೆನ್ನಟ್ಟುವವರದು. ಉತ್ತರ ಕೊಡುವ ಗಳಿಗೆಯಲ್ಲಿ ಅವನು ಮೊದಲನೆಯ ಮುಖವನ್ನು ಮರೆತು ತನ್ನ ವ್ರತವನ್ನು ಮಾತ್ರ ನೆನೆದನು. ಅವನ ಪಾಪವಿರುವುದು ಈ ಮರೆವಿನಲ್ಲಿ. ಬೆಂಗಳೂರಿನ ಸಂಪಾದಕನಿಗೆ ಕೃಷ್ಣರಾಜಪೇಟೆಯ ಹಳ್ಳಿಯೊಂದರ ಮುಖವು ಕಾಣದಿದ್ದರೆ ಕ್ಷಮಿಸಬಹುದು. ಊರಿನ ಪತ್ರಿಕೆಗೆ ಆ ಕ್ಷಮೆಯಿಲ್ಲ. ಅದರ ಬಾತ್ಮೀದಾರನು ಅದೇ ಬಸ್ಸಿನಲ್ಲಿ ಓಡಾಡುವವನು, ಆ ಮನೆಯ ಜಗಲಿಯ ಮೇಲೆ ಕುಳಿತು ನೀರು ಕುಡಿದವನು. ಅವನಿಗೆ ಕೇಳಿ ತಿಳಿಯುವ ಅವಕಾಶವುಂಟು. ಅವಕಾಶವಿದ್ದವನಿಗೆ ಹೊಣೆಯೂ ಉಂಟು. ಸಾಲವೆಷ್ಟು, ಯಾರದು, ಬಾಕಿ ಯಾರಿಂದ ಬರಬೇಕು, ಇವನ್ನು ಯಾರ ಅಪ್ಪಣೆಯೂ ಇಲ್ಲದೆ ಕಟ್ಟೆಯ ನೀರಿನ ಮಟ್ಟದಂತೆ ನಿರ್ದಾಕ್ಷಿಣ್ಯವಾಗಿ ಅಚ್ಚು ಹಾಕಲಿ. ಸತ್ತವನ ಹೆಸರನ್ನು ಹಾಕುವ ಮುನ್ನ ಬದುಕಿರುವವರನ್ನು ಒಂದು ಮಾತು ಕೇಳಲಿ. ಅಷ್ಟರೊಳಗೆ ಫೋನುಗಳಲ್ಲಿ ಎಲ್ಲವೂ ಹರಿದಾಡಿರುತ್ತದೆಯಲ್ಲ ಎಂಬ ಆಕ್ಷೇಪವು ಬರಬಹುದು. ಹರಿದಾಡಲಿ. ಒಂದು ರಾತ್ರಿ ತಡೆದು ಬರುವುದನ್ನು ನಾನು ಪತ್ರಿಕೆಯ ದೋಷವೆಂದು ಎಣಿಸಿದವನಲ್ಲ.

ಕಳೆದ ವರ್ಷ ಆ ಊರಿನ ಕಡೆಗೆ ಹೋದಾಗ ಅವರ ಮನೆಗೂ ಹೋದೆನು. ಹುಡುಗನು ಈಗ ಮೈಸೂರಿನಲ್ಲಿ ಕೆಲಸದಲ್ಲಿದ್ದಾನೆ. ಮಾತಿನ ನಡುವೆ ಹಳೆಯದನ್ನು ಎತ್ತಿ, "ಅಂದು ಪತ್ರಿಕೆಯವರು ನಿಮ್ಮನ್ನು ಕೇಳಿದ್ದರೆ ಏನೆನ್ನುತ್ತಿದ್ದಿರಿ, ತಾಯಿ?" ಎಂದೆನು. ಆಕೆ ಅಕ್ಕಿಯಲ್ಲಿ ಕಲ್ಲಾರಿಸುತ್ತಿದ್ದ ಮೊರವನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಹೆಸ್ರು ಹಾಕ್ಕಳಿ ಅಂತಿದ್ದೆ, ಮೇಷ್ಟ್ರೇ. ಪಟ ಬ್ಯಾಡ, ಮಗ ನೋಡ್ತನೆ ಅಂತಿದ್ದೆ. ಯಾರೂ ಕೇಳ್ನಿಲ್ವಲ್ಲ."