ತಂಡದಲ್ಲಿ ಕಳ್ಳನ ಪಾಲು

ನಾಲ್ವರು ಕೂಡಿ ಅಪಾಯದ ದಾರಿಗೆ ಹೊರಡುವುದಾದರೆ ಯಾರು ಯಾರು ಇರಬೇಕು? ಈ ಪ್ರಶ್ನೆಗೆ ಒಂದು ಆಟವು ಉತ್ತರ ಕೊಟ್ಟಿದೆ. ಆ ಉತ್ತರದೊಳಗೆ ನೀತಿಯ ತೊಡಕೊಂದು ಅಡಗಿದೆಯೆಂದು ನಮಗೆ ತೋರುತ್ತದೆ.

1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟವು ಪ್ರಕಟವಾಯಿತು. ಇಲ್ಲಿ ಕಾಯಿ ನಡೆಸುವುದಕ್ಕಿಂತ ಮಾತೇ ಮುಖ್ಯ. ಒಬ್ಬನು ಸೂತ್ರಧಾರ, ಉಳಿದವರು ತಲೆಗೊಂದು ಪಾತ್ರವನ್ನು ವಹಿಸಿ, ತಾವು ಮಾಡುವುದೇನೆಂದು ಬಾಯಲ್ಲಿ ಹೇಳುತ್ತಾರೆ. ಫಲ ಸಂದಿಗ್ಧವಾದಲ್ಲಿ ದಾಳವು ತೀರ್ಮಾನಿಸುತ್ತದೆ. ಮೊದಲಿನ ಪುಸ್ತಕಗಳಲ್ಲಿದ್ದ ವರ್ಗಗಳು ಮೂರೇ: ಯೋಧ, ಮಾಂತ್ರಿಕ, ಗದೆ ಹಿಡಿದ ಪಾದ್ರಿ. 1975ರ ಪುರವಣಿಯಲ್ಲಿ ಕಳ್ಳನು ಬಂದು ಸೇರಿದನು. ಇಂದಿಗೂ ಸಣ್ಣ ತಂಡವನ್ನು ಕಟ್ಟುವವರು ಮೊದಲು ನೆನೆಯುವುದು ಈ ನಾಲ್ವರನ್ನೇ.

ಮೊದಮೊದಲಿನ ಆ ನಿಯಮಗಳಲ್ಲಿ ಹೊಸ ಮಾಂತ್ರಿಕನ ಪಾಡು ಕರುಣಾಜನಕವಾದುದು. ಅವನಿಗೆ ದಿನಕ್ಕೊಂದೇ ಮಂತ್ರ. ಅದು ತೀರಿದರೆ ಕಠಾರಿ ಹಿಡಿದ ಬಡಪಾಯಿ. ಕವಚ ತೊಡುವಂತೆಯೂ ಇಲ್ಲ. ಹೊಸ ಪಾದ್ರಿಗಾದರೋ ಆ ಒಂದು ಮಂತ್ರವೂ ಇಲ್ಲ. ಆದರೂ ಯೋಧನು ಅವರನ್ನು ಬೆನ್ನ ಹಿಂದೆ ಇರಿಸಿಕೊಂಡು ಕಾಯುತ್ತಾನೆ. ಇಂದು ಅಶಕ್ತನಾದವನನ್ನು ನಾಳೆಯ ಭರವಸೆಯ ಮೇಲೆ ಕಾಯುವುದೆಂದರೇನೆಂಬುದನ್ನು ಉಪಾಧ್ಯಾಯರಿಗೆ ನಾವು ವಿವರಿಸಬೇಕಾಗಿಲ್ಲ.

ತೊಡಕು ಇರುವುದು ಕಳ್ಳನಲ್ಲಿ. ಅವನು ಬರುವ ಮೊದಲು ಗುಪ್ತ ಬೋನನ್ನು ಹುಡುಕುವುದು ಎಲ್ಲರ ಕೆಲಸವಾಗಿತ್ತು. ಹತ್ತಡಿಯ ಕೋಲಿನಿಂದ ನೆಲವನ್ನು ತಟ್ಟಿ, ಸೂತ್ರಧಾರನನ್ನು ಕೇಳಿ ಕೇಳಿ, ಎಲ್ಲರೂ ಬುದ್ಧಿ ಓಡಿಸುತ್ತಿದ್ದರು. ಬೀಗ ತೆಗೆಯುವುದು, ಗೋಡೆ ಹತ್ತುವುದು, ಸದ್ದಿಲ್ಲದೆ ನಡೆಯುವುದು ಒಬ್ಬನ ವಿದ್ಯೆಯೆಂದು ಬರೆದು, ಅದಕ್ಕೆ ನೂರಕ್ಕಿಷ್ಟೆಂಬ ಅಂಕವನ್ನೂ ಕೊಟ್ಟ ಮೇಲೆ, ಉಳಿದವರು ಕೈಕಟ್ಟಿ ನಿಂತರು. ಹಳೆಯ ಆಟಗಾರರಲ್ಲಿ ಕೆಲವರ ಆಕ್ಷೇಪವೂ ಇದೇ. ಒಬ್ಬನಿಗೆ ಬಲ್ಲವನೆಂಬ ಹೆಸರು ಕೊಟ್ಟಾಗ ಮಿಕ್ಕವರಿಗೆ ಬಾರದೆಂಬ ಹೆಸರನ್ನೂ ಕೊಟ್ಟಂತಾಯಿತು. ಗಾಯ ಕಟ್ಟುವುದು ಪಾದ್ರಿಯದೆಂದಾದರೆ ಯೋಧನಿಗೆ ಮರುಗುವ ಹೊಣೆ ತಪ್ಪಿತೇ?

ಇದಕ್ಕಿಂತ ಕಿರಿಕಿರಿಯ ಮಾತೊಂದಿದೆ. ಸಜ್ಜನರ ತಂಡಕ್ಕೆ ಕಳ್ಳನೇಕೆ ಬೇಕು? ತಾವು ಮಾಡಲೊಲ್ಲದ ಕೆಲಸವನ್ನು ಅವನಿಂದ ಮಾಡಿಸುವುದಕ್ಕೆ. ಹೊನ್ನಿಗೆ ನಾಲ್ಕು ಪಾಲು, ಹೆಸರು ಕೆಡುವುದು ಒಬ್ಬನದು! ಗಂಡನ ದುಡಿಮೆಯನ್ನು ಉಂಡು, ಅವನ ಪಾಪದಲ್ಲಿ ಪಾಲು ಬೇಡವೆಂದ ವಾಲ್ಮೀಕಿಯ ಮನೆಯವರ ಕಥೆಯನ್ನು ನಮ್ಮ ಮಕ್ಕಳೂ ಬಲ್ಲರು. ತಂಡಕ್ಕೆ ಕಳ್ಳನನ್ನು ಸೇರಿಸಿಕೊಂಡವರು ಅವನ ಕಳವಿಗೂ ಪಾಲುಗಾರರೇ ಎಂಬುದು ನಮ್ಮ ಮತ.

ಆದರೆ ಹೆಸರಿಗೆ ಮನುಷ್ಯನನ್ನು ಪೂರಾ ಕಟ್ಟಿಹಾಕುವ ಶಕ್ತಿಯೂ ಇಲ್ಲ. ಈ ಆಟಕ್ಕಿಂತ ಎಷ್ಟೋ ಮೊದಲು, 1937ರಲ್ಲಿ, ಟೋಲ್ಕಿನ್ನರ 'ದಿ ಹಾಬಿಟ್' ಹೊರಬಂದಿತು. ಅದರಲ್ಲಿ ಹದಿಮೂರು ಮಂದಿ ಕುಬ್ಜರು, ಘಟಸರ್ಪನ ವಶದಲ್ಲಿದ್ದ ತಮ್ಮ ನಿಧಿಗಾಗಿ ಹೊರಡುವಾಗ, ಬಿಲ್ಬೊ ಎಂಬವನನ್ನು ಹದಿನಾಲ್ಕನೆಯವನಾಗಿ ಗೊತ್ತುಮಾಡುತ್ತಾರೆ. ಅವನ ಹುದ್ದೆ ಕಳ್ಳನದು. ಕೂಲಿ ಹದಿನಾಲ್ಕರಲ್ಲೊಂದು ಪಾಲು. ಪಾಪ, ಅವನು ಅದುವರೆಗೆ ಏನನ್ನೂ ಕದ್ದವನಲ್ಲ. ಕೊನೆಗೆ ನಿಧಿ ಕೈಸೇರಿದಾಗ ಕುಬ್ಜರ ನಾಯಕನಾದ ಥೋರಿನ್ ಯಾರಿಗೂ ಕಾಸು ಕೊಡಲೊಲ್ಲನು. ಹೊರಗೆ ಮನುಷ್ಯರ ಮತ್ತು ಎಲ್ಫರ ಸೇನೆ ಮುತ್ತಿದೆ. ಆಗ ಬಿಲ್ಬೊ, ಥೋರಿನ್ ಪ್ರಾಣದಂತೆ ಹುಡುಕುತ್ತಿದ್ದ ರತ್ನವನ್ನು, ತಾನು ಬಚ್ಚಿಟ್ಟುಕೊಂಡಿದ್ದುದನ್ನು, ರಾತ್ರೋರಾತ್ರಿ ಒಯ್ದು ಹೊರಗಿನವರ ಕೈಗಿಡುತ್ತಾನೆ. ಯುದ್ಧ ತಪ್ಪಲೆಂದು ತನ್ನ ಪಾಲನ್ನೆಲ್ಲ ಅದರಲ್ಲೇ ತೀರಿಸುತ್ತಾನೆ. ಕಳ್ಳನೆಂದು ಕರೆತಂದವರಿಂದಲೇ ಕದ್ದನು! ಇದು ದ್ರೋಹವೋ ನಿಷ್ಠೆಯೋ ಎಂದು ತರಗತಿಯಲ್ಲಿ ಕೇಳಿ ನೋಡಬಹುದು. ಒಂದು ಗಂಟೆ ಸಾಲದು.

ಅಲ್ಲೇ ಸುರಕ್ಷಿತವಾಗಿ ಉಳಿಯೆಂದು ಎಲ್ಫರ ಅರಸನು ಹೇಳುತ್ತಾನೆ. ಬಿಲ್ಬೊ ಒಪ್ಪುವುದಿಲ್ಲ. ಅವನು ಬೊಂಬುರ್ ಎಂಬ ಕುಬ್ಜನ ಸರದಿಯ ಕಾವಲನ್ನು ತಾನು ವಹಿಸಿಕೊಂಡು ಬಂದಿದ್ದನು. ನಡುರಾತ್ರಿಗೆ ಎಬ್ಬಿಸುತ್ತೇನೆಂದು ಮಾತು ಕೊಟ್ಟಿದ್ದನು. ಆದುದರಿಂದ ಹಿಂತಿರುಗಿ ಹೋಗಿ, ಹೊತ್ತಿಗೆ ಸರಿಯಾಗಿ ಅವನನ್ನು ಎಬ್ಬಿಸಿದನು.