ಪೀಜಿ ಕೋಣೆಯ ಎರಡು ಕನ್ನಡ

ವಿಜಯನಗರದ ಮೆಟ್ರೊ ನಿಲ್ದಾಣದಲ್ಲಿ ಇಳಿದು ಅತ್ತಿಗುಪ್ಪೆ, ಚಂದ್ರಾ ಲೇಔಟ್ ಕಡೆಗೆ ನಡೆದರೆ ಕರೆಂಟ್ ಕಂಬದ ಮೇಲೆಲ್ಲ ಪೀಜಿಗಳ ಫೋನ್ ನಂಬರು, ಗೋಡೆಯ ಮೇಲೆಲ್ಲ ಕೆಎಎಸ್, ಪಿಎಸ್‌ಐ, ಪಿಡಿಒ ತರಬೇತಿಯ ಪೋಸ್ಟರು. ಅಲ್ಲಲ್ಲಿ ರೀಡಿಂಗ್ ರೂಮು, ಅದರ ಪಕ್ಕದಲ್ಲೇ ಜೋಳದ ರೊಟ್ಟಿಯ ಖಾನಾವಳಿ. ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರದ ಹುಡುಗ ಹುಡುಗಿಯರು ಸರ್ಕಾರಿ ನೌಕರಿಯ ಆಸೆ ಹೊತ್ತು ಬಂದಿಳಿಯುವ ಜಾಗ ಇದು. ಡಿಗ್ರಿ ಮುಗಿಸಿದ ಕೂಡಲೇ ಬರುತ್ತಾರೆ. ಅಧಿಸೂಚನೆ ತಡವಾಗಿ, ಪರೀಕ್ಷೆ ಮುಂದಕ್ಕೆ ಹೋಗಿ, ಫಲಿತಾಂಶ ಕೋರ್ಟಿನ ಮೆಟ್ಟಿಲೇರಿ, ಒಂದು ವರ್ಷಕ್ಕೆಂದು ಬಂದವರು ನಾಲ್ಕು ವರ್ಷ ಉಳಿದುಬಿಡುತ್ತಾರೆ. ನಾನು ಯಾರು ಎಂಬ ಪ್ರಶ್ನೆ ಮನುಷ್ಯನನ್ನು ಹೆಚ್ಚು ಕಾಡುವ ವಯಸ್ಸೂ ಅದೇ.

1950ರ ದಶಕದಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞೆ ರೂತ್ ಹಿಲ್ ಯೂಸೀಮ್ ಭಾರತದಲ್ಲಿ ನೆಲೆಸಿದ್ದ ತಮ್ಮ ದೇಶದ ಕುಟುಂಬಗಳನ್ನು ಅಭ್ಯಾಸ ಮಾಡಿ, ಅಂಥ ಮನೆಯ ಮಕ್ಕಳನ್ನು ಮೂರನೆಯ ಸಂಸ್ಕೃತಿಯ ಮಕ್ಕಳು ಎಂದು ಕರೆದರು. ಹೆತ್ತವರ ದೇಶಕ್ಕೂ ಪೂರ್ತಿ ಸೇರದ, ಬೆಳೆದ ದೇಶಕ್ಕೂ ಪೂರ್ತಿ ಸೇರದ ಬದುಕು ಅವರದು. ನ್ಯೂಜೆರ್ಸಿಯ ಕನ್ನಡ ಮಕ್ಕಳ ಮಾತು ಬಂದಾಗ ನಾವೂ ಇದನ್ನು ಕಳಕಳಿಯಿಂದ ಚರ್ಚಿಸುತ್ತೇವೆ. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಒಂದು ರಾತ್ರಿ ಕಳೆದು ಮೆಜೆಸ್ಟಿಕ್ಕಿನಲ್ಲಿ ಇಳಿದವರೂ ಅಷ್ಟೇ ದೊಡ್ಡ ಗಡಿ ದಾಟಿರುತ್ತಾರೆ ಎಂಬುದು ಮಾತ್ರ ನಮಗೆ ಹೊಳೆಯುವುದಿಲ್ಲ. ರಾಜ್ಯ ಒಂದೇ, ಭಾಷೆ ಒಂದೇ, ಮತ್ತೇನು ಕಷ್ಟ ಅಂದುಕೊಳ್ಳುತ್ತೇವೆ. ಆದರೆ 1956ರ ನವೆಂಬರ್ 1ರವರೆಗೆ ಕಲಬುರಗಿ, ರಾಯಚೂರು, ಬೀದರ್ ಹೈದರಾಬಾದ್ ರಾಜ್ಯದಲ್ಲಿದ್ದವು. ನಿಜಾಮರ ಕಾಲದಲ್ಲಿ ಅಲ್ಲಿ ಶಾಲೆ ಉರ್ದುವಿನದು, ಕಚೇರಿಯ ಕಾಗದವೂ ಉರ್ದುವಿನದು. ಮೈಸೂರು ಅರಸರ ಸೀಮೆಯ ಮೊಮ್ಮಗನೂ ನಿಜಾಮರ ಸೀಮೆಯ ಮೊಮ್ಮಗನೂ ಒಂದೇ ಪೀಜಿಯ ಒಂದೇ ಕೋಣೆಯಲ್ಲಿ ಮಂಚ ಹಾಕಿಕೊಂಡರೆ ಎರಡು ಚರಿತ್ರೆಗಳು ಪಕ್ಕಪಕ್ಕ ಮಲಗಿದ ಹಾಗೆ.

ಅಂಥ ಒಂದು ಕೋಣೆಯಲ್ಲಿ ಸ್ವಲ್ಪ ಹೊತ್ತು ಕೂತಿದ್ದೆ. ಮೂರು ಮಂಚ, ಕಿಟಕಿಗೆ ಕಟ್ಟಿದ ಹಗ್ಗದಲ್ಲಿ ಒಣಗಲು ಹಾಕಿದ ಬಟ್ಟೆ, ಗೋಡೆಗೆ ಭೂಪಟ, ಮೂಲೆಯಲ್ಲಿ ಊರಿಂದ ಬಂದ ಸ್ಟೀಲಿನ ಡಬ್ಬಿಯಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ಯಾದಗಿರಿ ಕಡೆಯ ಹುಡುಗ ಮದ್ದೂರಿನ ಗೆಳೆಯನಿಗೆ, ‘ಮಗಾ, ಆ ಎಕಾನಮಿ ನೋಟ್ಸ್ ಕೊಡು, ಬೆಳಗ್ಗೆ ವಾಪಸ್ ಕೊಡ್ತೀನಿ’ ಅನ್ನುತ್ತಿದ್ದ. ಅಷ್ಟರಲ್ಲಿ ಮನೆಯಿಂದ ಫೋನು. ‘ಹಾಂ ಯವ್ವ, ಊಟ ಆಯ್ತು. ಓದ್ಲಿಕತ್ತೀನಿ. ಮಳಿ ಆಗ್ಯಾದೇನು? ತೊಗರಿ ಹ್ಯಾಂಗದ?’ ದನಿ ತುಸು ಏರಿತು, ಕೂತಿದ್ದ ಭಂಗಿಯೂ ಸಡಿಲವಾಯಿತು. ಫೋನ್ ಇಟ್ಟವನೇ ಮತ್ತೆ ‘ಮಗಾ’ ಅಂದ. ಈ ಹೊರಳುವಿಕೆ ಅವನ ಗಮನಕ್ಕೂ ಬಂದಂತಿರಲಿಲ್ಲ.

ಎರಡರಲ್ಲಿ ಯಾವುದು ನಿಜವಾದ ಅವನು ಎಂದು ಕೇಳುವುದೇ ತಪ್ಪು. ಎರಡೂ ಅವನೇ. ಆದರೆ ಮೊದಲನೆಯದನ್ನು ಅವನು ಖುಷಿಯಿಂದ ಕಲಿತನೋ ಅಂಜಿಕೆಯಿಂದ ಕಲಿತನೋ ಎಂಬುದು ನಮ್ಮ ಮೇಲೆ, ಅಂದರೆ ಈ ಊರಿನವರ ಮೇಲೆ ನಿಂತಿದೆ. ಬಂದ ಹೊಸದರಲ್ಲಿ ದರ್ಶಿನಿಯಲ್ಲಿ ‘ನಾಷ್ಟಾ ಏನದ ರೀ’ ಎಂದು ಕೇಳಿದಾಗ ಪಕ್ಕದವರು ನಕ್ಕದ್ದನ್ನು ಇವರಲ್ಲಿ ಯಾರೂ ಮರೆತಿರುವುದಿಲ್ಲ. ನಮ್ಮ ಸಿನಿಮಾಗಳು ದಶಕಗಟ್ಟಲೆ ಆ ಮಾತನ್ನು ಹೆಚ್ಚಾಗಿ ನಗೆಪಾತ್ರಗಳ ಬಾಯಿಗೆ ಹಾಕಿದವು. ಅಣಕು ಸಂದರ್ಶನದಲ್ಲಿ ವಿಷಯ ಬಲ್ಲ ಹುಡುಗನಿಗೂ ಭಾಷೆ ತಿದ್ದಿಕೊಳ್ಳಿ ಎಂಬ ಸಲಹೆ ಸಿಗುವುದುಂಟು. ಇದು ನನಗೆ ಬಹಳ ನೋವಿನ ಸಂಗತಿ. ಕಲಬುರಗಿ ಸೀಮೆಯ ಆಡುಮಾತನ್ನು ಕಾದಂಬರಿಗೆ ತಂದ ಗೀತಾ ನಾಗಭೂಷಣ ಅವರ ‘ಬದುಕು’ ಕೃತಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕನ್ನಡದ ಲೇಖಕಿಯೊಬ್ಬರಿಗೆ ಆ ಗೌರವ ಸಂದದ್ದು ಅದೇ ಮೊದಲು. ಒಂದು ಅಂಕದ ಪ್ರಶ್ನೆಗೆಂದು ಆ ಇಸವಿ, ಆ ಹೆಸರನ್ನು ಬಾಯಿಪಾಠ ಮಾಡುವ ಹುಡುಗಿಗೆ, ‘ಪುಸ್ತಕವನ್ನೂ ಓದಮ್ಮ, ಅದರಲ್ಲಿರುವುದು ನಿಮ್ಮ ಮನೆಯ ಮಾತು’ ಎಂದು ತರಬೇತಿ ಕೊಡುವ ಮೇಷ್ಟರು ಹೇಳಬೇಕು.

ಹುಡುಗಿಯರ ಕಥೆ ಬೇರೆಯೇ. ಅವರಲ್ಲಿ ಬದಲಾಗುವುದು ಮಾತಿಗಿಂತ ಹೆಚ್ಚಾಗಿ ಹೊತ್ತಿನ ಲೆಕ್ಕ. ಊರಲ್ಲಿ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬೇಕಿದ್ದವಳು ಇಲ್ಲಿ ರಾತ್ರಿ ಒಂಬತ್ತರವರೆಗೆ ರೀಡಿಂಗ್ ರೂಮಿನಲ್ಲಿ ಕೂತು, ಬ್ಯಾಗು ಹೆಗಲಿಗೇರಿಸಿ ಒಬ್ಬಳೇ ನಡೆದು ಬರುತ್ತಾಳೆ. ತಿಂಗಳ ದುಡ್ಡಿನ ಲೆಕ್ಕ ತಾನೇ ಇಡುತ್ತಾಳೆ. ಎಳ್ಳಮಾವಾಸ್ಯೆಗೆ ಊರಿಗೆ ಹೋದರೆ ಹೊಲದಲ್ಲಿ ಚರಗ ಚೆಲ್ಲಿ, ಎಲ್ಲರೊಂದಿಗೆ ಸಜ್ಜಿ ರೊಟ್ಟಿ, ಭಜ್ಜಿ ಉಣ್ಣುವಾಗ ಅವಳಷ್ಟು ಸುಖಿ ಇಲ್ಲ. ಸಂಜೆ ಮದುವೆಯ ಪ್ರಸ್ತಾಪ ಬಂದಾಗ, ‘ಇನ್ನೊಂದು ಪರೀಕ್ಷಾ ಬರೀತೀನಿ’ ಅನ್ನುವ ಅವಳ ದನಿಯಲ್ಲಿ ಮನೆಯವರಿಗೆ ಗುರುತು ಸಿಗದ ಗಟ್ಟಿತನವಿರುತ್ತದೆ. ‘ಬೆಂಗ್ಳೂರ್ ಹವಾ ಹತ್ಯಾದ’ ಅನ್ನುತ್ತಾರೆ. ಇಲ್ಲಿ ಉತ್ತರದವಳು, ಅಲ್ಲಿ ಬೆಂಗಳೂರಿನವಳು. ಹೀಗೆ ಎರಡೂ ಕಡೆ ಹೊರಗಿನವಳಾಗುವ ಸಂಕಟ ಸಣ್ಣದಲ್ಲ. ಅದನ್ನು ಹೇಳಿಕೊಳ್ಳಲು ಅವಳಿಗಿರುವವರು ಪಕ್ಕದ ಮಂಚದ ಗೆಳತಿಯರು ಮಾತ್ರ.

ಅರ್ಜಿ ತುಂಬುವಾಗ ಇವರಲ್ಲಿ ಕಲಬುರಗಿ, ಯಾದಗಿರಿ, ರಾಯಚೂರಿನವರು 371ಜೆ ಪ್ರಮಾಣಪತ್ರ ಲಗತ್ತಿಸುತ್ತಾರೆ. ಸಂವಿಧಾನದ 98ನೇ ತಿದ್ದುಪಡಿ ಆ ಭಾಗದವರಿಗೆ ಕೊಟ್ಟ ಮೀಸಲಾತಿ ಅದು, ಬಹು ಕಾಲದ ಹಿಂದುಳಿಯುವಿಕೆಗೆ ಸಿಕ್ಕ ನ್ಯಾಯ. ನೌಕರಿ ಸಿಕ್ಕ ಮೇಲೆ ಕೆಲವರು ತಮ್ಮ ಸೀಮೆಗೇ ಮರಳುತ್ತಾರೆ, ಕೆಲವರು ಚಾಮರಾಜನಗರಕ್ಕೋ ಹಾಸನಕ್ಕೋ ಹೋಗುತ್ತಾರೆ. ಪಿಂಚಣಿ ನಿಂತುಹೋಗಿದೆ ಎಂದು ಪಂಚಾಯಿತಿಗೆ ಬರುವ ಕೊಳ್ಳೇಗಾಲದ ಅಜ್ಜಿಯ ಮಾತು ಯಾದಗಿರಿಯ ಪಿಡಿಒ ಹುಡುಗಿಗೆ ಮೊದಲ ವಾರ ಅರ್ಧವೂ ತಿಳಿಯದು. ಆದರೆ ತನ್ನ ಮಾತು ಕೇಳಿ ಎದುರಿನವರು ನಕ್ಕರೆ ಹೇಗಿರುತ್ತದೆಂದು ಅವಳು ವಿಜಯನಗರದಲ್ಲಿ ಅನುಭವಿಸಿ ಬಂದವಳು. ಅಜ್ಜಿಯನ್ನು ಕೂರಿಸಿ, ಇನ್ನೊಮ್ಮೆ ಕೇಳಿಕೊಳ್ಳುವ ತಾಳ್ಮೆ ಅವಳಿಗಿರುತ್ತದೆ ಎಂದು ನಾನು ನಂಬಿದ್ದೇನೆ.